ಸ್ಕ್ವಾಡ್ರನ್ ಲೀಡರ್ ದೇವಯ್ಯ ಮಡಿದು 60 ವರ್ಷ: ಪುಣೆಯಲ್ಲಿ ನಾವೇನು ಮಾಡೋಣ?

ವಿಶ್ರಾಂತವಾಡಿ ಕೊಡಗಿನವ · ಆಗಸ್ಟ್ 10, 2025

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು 7ನೇ ತಾರೀಖು ಭಾನುವಾರ ಬಂದಿದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಪಾಕಿಸ್ತಾನದ ಸರ್ಗೋಧಾ ಹತ್ರ ಮಡಿದು ಅವತ್ತಿಗೆ ಸರಿಯಾಗಿ 60 ವರ್ಷ. ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ಹತ್ರ ಅವರ ಪ್ರತಿಮೆ ಇದೆ, 2020ರಲ್ಲಿ ನಿಲ್ಲಿಸಿದ್ದು. ಅಲ್ಲಿಯವರು ಅಲ್ಲಿ ನೆನೆಯುತ್ತಾರೆ. ನಾವು ಇಷ್ಟು ಕನ್ನಡಿಗರು ಪುಣೆಯಲ್ಲಿದ್ದೇವೆ, ಸೇನೆಯಿಂದ ವಾಯುಪಡೆಯಿಂದ ನಿವೃತ್ತರಾಗಿ ಇಲ್ಲೇ ಮನೆ ಮಾಡಿದವರೂ ಇದ್ದಾರೆ. ನಾವೂ ಏನಾದರೂ ಮಾಡಬಾರದಾ?

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. 1965ರ ಯುದ್ಧ. ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ವಾಯುನೆಲೆಯ ಮೇಲೆ ಎರಗಿದವು. ಮರುದಿನ ಬೆಳಗಿನ ಜಾವ ನಮ್ಮವರು ಸರ್ಗೋಧಾಕ್ಕೆ ಹೊರಟರು. ಅದು ಅವರ ಮುಖ್ಯ ವಾಯುನೆಲೆ. ಪಂಜಾಬಿನ ಆದಂಪುರದಿಂದ 1ನೇ ಸ್ಕ್ವಾಡ್ರನ್ನಿನ 12 ಮಿಸ್ಟೇರ್ ವಿಮಾನಗಳು ಹೋಗಬೇಕಿತ್ತು. ಆ ಹನ್ನೆರಡರಲ್ಲಿ ದೇವಯ್ಯ ಇರಲಿಲ್ಲ, ಅವರು ಸ್ಟ್ಯಾಂಡ್‌ಬೈ. ಒಂದು ವಿಮಾನ ಹಿಂದೆ ಸರಿಯಿತು, ಇವರು ಹೋದರು, ವಾಪಸ್ ಬರಲಿಲ್ಲ. 'ಕಾಣೆ' ಎಂದು ಬರೆದುಕೊಂಡರು. ಆಗ ಅವರಿಗೆ 32 ವರ್ಷ. ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಹಾಲ್, ಫೋಟೋ, ಮೈಕು ನಾನು ನೋಡಿಕೊಳ್ಳುತ್ತೇನೆ. ಏನು ಮಾಡಬೇಕು ಅನ್ನುವುದನ್ನು ನೀವು ಹೇಳಿ.

ಹಿಂಜವಡಿ ಟೆಕ್ಕಿ · ಆಗಸ್ಟ್ 10

ಇದು ಜನವರಿಯಲ್ಲಿ ಬಂದ ಹಿಂದಿ ಸಿನಿಮಾದ ಕತೆ ಅಲ್ವಾ? ಅದರಲ್ಲಿ ಹೆಸರು ಬೇರೆ ಇಟ್ಟಿದ್ದಾರೆ. ಅವರು ಆದೇಶ ಮೀರಿ ತಾವೇ ಹೋದರು ಅಂತ ಎಲ್ಲೋ ಕೇಳಿದ ಹಾಗಿದೆ. ಪ್ರೊಜೆಕ್ಟರ್ ನನ್ನ ಹತ್ರ ಇದೆ. ಸುಮ್ನೆ ಸಿನಿಮಾ ಹಾಕಿಬಿಟ್ಟರೆ ಮಕ್ಕಳೂ ಕೂತು ನೋಡುತ್ತಾರೆ.

ಲೋಹಗಾಂವ್ ನಿವೃತ್ತ · ಆಗಸ್ಟ್ 11

ಸಿನಿಮಾ ಬೇಡ. ಅದು ಚೆನ್ನಾಗಿಲ್ಲ ಅಂತಲ್ಲ. ಅದನ್ನು ನೋಡಿ ಎದ್ದವರ ತಲೆಯಲ್ಲಿ ನಟನ ಮುಖ ಉಳಿಯುತ್ತದೆ, ದೇವಯ್ಯ ಉಳಿಯುವುದಿಲ್ಲ.

'ಆದೇಶ ಮೀರಿ' ಅನ್ನುವುದೂ ಬೇಡ. ನಾನು ವಾಯುಪಡೆಯಲ್ಲಿ ಇಂಜಿನ್ ಕೆಲಸ ಮಾಡಿದವನು, ವಿಮಾನದ ಹೊಟ್ಟೆಯ ಕೆಳಗೇ ನನ್ನ ಸರ್ವೀಸ್ ಕಳೆದದ್ದು. ಸ್ಟ್ಯಾಂಡ್‌ಬೈ ಅಂದರೆ ಏನು ಅಂತ ಕೇಳಿ. ಹನ್ನೆರಡು ವಿಮಾನ ಹೋಗಬೇಕು ಅಂದರೆ ಒಂದೆರಡು ಜಾಸ್ತಿ ತಯಾರು ಮಾಡಿ ನಿಲ್ಲಿಸುತ್ತಾರೆ. ಇಂಧನ, ಮದ್ದುಗುಂಡು ಎಲ್ಲ ತುಂಬಿರುತ್ತದೆ. ಪೈಲಟ್ ಸಿದ್ಧವಾಗಿರುತ್ತಾರೆ. ಹೊರಡುವ ಹೊತ್ತಿಗೆ ಯಾರದಾದರೂ ಯಂತ್ರ ಕೈಕೊಟ್ಟರೆ ಆ ಜಾಗಕ್ಕೆ ಇವರು. ಅದೇ ಅವರಿಗೆ ಕೊಟ್ಟ ಕೆಲಸ. ದೇವಯ್ಯ ಕೊಟ್ಟ ಕೆಲಸ ಮಾಡಿದರು. ಶಿಸ್ತಿನ ಮನುಷ್ಯನನ್ನು ಶಿಸ್ತು ಮುರಿದವನು ಅಂತ ಹೊಗಳುವುದು ಎಂಥ ಹೊಗಳಿಕೆ?

ಈಗ ವಿಮಾನಗಳ ವಿಷಯ. ಇದು ಗೊತ್ತಿಲ್ಲದಿದ್ದರೆ ಅವರು ಮಾಡಿದ್ದು ಎಷ್ಟು ದೊಡ್ಡದು ಅಂತ ತಿಳಿಯುವುದಿಲ್ಲ. ಮಿಸ್ಟೇರ್ ಫ್ರಾನ್ಸಿನ ಡಸಾಲ್ಟ್ ಕಂಪನಿಯದು. ನೇರ ಹಾರಾಟದಲ್ಲಿ ಶಬ್ದದ ವೇಗ ದಾಟುತ್ತಿರಲಿಲ್ಲ. ಎದುರು ಬಂದದ್ದು ಅಮೆರಿಕದ ಎಫ್-104 ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದ್ದು. ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಲೆಕ್ಕ ಹಾಕಿದರೆ ಸರಿಜೋಡಿಯೇ ಅಲ್ಲ. ಆದರೆ ಸ್ಟಾರ್‌ಫೈಟರ್‌ನ ರೆಕ್ಕೆ ತೀರಾ ಚಿಕ್ಕದು. ನೇರ ಓಟದಲ್ಲಿ ಅದನ್ನು ಹಿಡಿಯುವವರಿಲ್ಲ, ತಿರುಗುವುದಕ್ಕೆ ಮಾತ್ರ ಬಹಳ ದೊಡ್ಡ ಜಾಗ ಬೇಕು. ನೆಲದ ಹತ್ರ, ನಿಧಾನದ ವೇಗದಲ್ಲಿ, ಸುತ್ತು ಹಾಕುತ್ತ ಕಾದಾಡಲು ಇಳಿದರೆ ಅದರ ಅನುಕೂಲವೆಲ್ಲ ಹೋಯಿತು.

ಅಮ್ಜದ್ ಹುಸೇನ್ ಹೊಡೆದ ಗುಂಡು ಮಿಸ್ಟೇರ್‌ಗೆ ತಗುಲಿತು. ಇದರ ಕತೆ ಮುಗಿಯಿತು ಅಂದುಕೊಂಡು ಅವರು ಉಳಿದ ವಿಮಾನಗಳ ಬೆನ್ನು ಹತ್ತಿದರು. ಮುಗಿದಿರಲಿಲ್ಲ. ಏಟು ತಿಂದ ಮಿಸ್ಟೇರ್ ತಿರುಗಿ ಅವರ ಮೇಲೆ ಬಂತು. ಕಾದಾಟದಲ್ಲಿ ಸ್ಟಾರ್‌ಫೈಟರ್ ಉರುಳಿತು. ಅಮ್ಜದ್ ಪ್ಯಾರಾಚೂಟ್ ಬಿಚ್ಚಿ ಇಳಿದು ಬದುಕಿದರು. ದೇವಯ್ಯ ಬದುಕಲಿಲ್ಲ.

ಹಿಂಜವಡಿ ಟೆಕ್ಕಿ · ಆಗಸ್ಟ್ 11

ಸರಿ ಸಾರ್, ಸಿನಿಮಾ ಬೇಡ. ಆದರೆ ಒಂದು ವಿಷಯ ಅರ್ಥ ಆಗಲಿಲ್ಲ. ಉಳಿದವರು ಮುಂದೆ ಹೋಗಿದ್ದರು. ಇವರು ವಾಪಸ್ ಬರಲೇ ಇಲ್ಲ. ಹಾಗಾದರೆ ಇಷ್ಟು ವಿವರ ನಮಗೆ ಹೇಗೆ ಗೊತ್ತು?

ವಿಶ್ರಾಂತವಾಡಿ ಕೊಡಗಿನವ · ಆಗಸ್ಟ್ 11

ಈ ಪ್ರಶ್ನೆಗೇ ಕಾಯುತ್ತಿದ್ದೆ. ಗೊತ್ತಾದದ್ದು ಪಾಕಿಸ್ತಾನದ ಕಡೆಯಿಂದ.

ಜಾನ್ ಫ್ರಿಕರ್ ಅಂತ ಒಬ್ಬ ಬ್ರಿಟಿಷ್ ಲೇಖಕ. 1965ರ ಆಕಾಶಯುದ್ಧದ ಬಗ್ಗೆ ಪಾಕಿಸ್ತಾನ ವಾಯುಪಡೆಯ ನೆರವು ಪಡೆದು ಪುಸ್ತಕ ಬರೆದರು. 1979ರಲ್ಲಿ ಹೊರಗೆ ಬಂತು. ಅವತ್ತಿನ ಸ್ಟಾರ್‌ಫೈಟರ್ ಒಂದು ಮಿಸ್ಟೇರ್ ಜೊತೆ ಕಾದಾಡಿ ಬಿತ್ತು ಅನ್ನುವುದು ಅದರಲ್ಲಿತ್ತು. ನಮ್ಮ ಕಡೆ ವಾಪಸ್ ಬಂದ ಪೈಲಟ್‌ಗಳಲ್ಲಿ ಯಾರೂ ಸ್ಟಾರ್‌ಫೈಟರ್ ಹೊಡೆದೆ ಅಂತ ಹೇಳಿರಲಿಲ್ಲ. ಹಾಗಾದರೆ ಹೊಡೆದವರು ಯಾರು? ವಾಪಸ್ ಬಾರದವರು ಒಬ್ಬರೇ.

ಅವತ್ತಿನ ದಾಳಿಯ ಮುಂದಾಳು ವಿಂಗ್ ಕಮಾಂಡರ್ ಒ. ಪಿ. ತನೇಜಾ. ಈ ವಿವರ ಹಿಡಿದು ಅವರು ಮೇಲಿನವರಿಗೆ ಬರೆದರು. ಅದು ಸಾಗಿ ಸಾಗಿ 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. ಪತ್ನಿ ಸುಂದರಿ ದೇವಯ್ಯ ಸ್ವೀಕರಿಸಿದರು. 23 ವರ್ಷ ಆ ಮನೆಯವರ ಹತ್ರ ಇದ್ದದ್ದು 'ಕಾಣೆ' ಅನ್ನುವ ಒಂದು ಮಾತು ಅಷ್ಟೇ. ಅವರು ಹೇಗೆ ಹೋದರು ಅಂತ ಹೇಳುವುದಕ್ಕೆ ನಮ್ಮ ಕಡೆ ಒಂದು ಹಾಳೆ ಕಾಗದವೂ ಇರಲಿಲ್ಲ.

ನಿಗಡಿ ಕಾಕಾ · ಆಗಸ್ಟ್ 12

ಎಲ್ಲಾ ಛಲೋ ಆತು, ಆದರ ತಾರೀಖು ನೋಡೀರೇನು? ಸೆಪ್ಟೆಂಬರ್ 6ಕ್ಕೆ ಅನಂತ ಚತುರ್ದಶಿ. ಪುಣೆಯ ವಿಸರ್ಜನೆ ಮೆರವಣಿಗೆ ಯಾವತ್ತು ಅದೇ ದಿನ ಮುಗಿದಿದೆ ಹೇಳಿ. 7ನೇ ತಾರೀಖು ಲಕ್ಷ್ಮೀ ರೋಡ್, ಟಿಳಕ್ ರೋಡ್ ಕಡೆ ಬರುವ ಹಾಗೇ ಇಲ್ಲ. ಮೇಲಾಗಿ ಅವತ್ತು ಹುಣ್ಣಿಮೆ, ರಾತ್ರಿ ಖಗ್ರಾಸ ಚಂದ್ರಗ್ರಹಣ. ವೇಧ ಮಧ್ಯಾಹ್ನ ಒಂದರಿಂದಲೇ ಹಿಡಿಯುತ್ತದೆ. ಊಟ ಇಟ್ಟರೆ ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. 14ಕ್ಕೆ ಇಡಿ.

ಕೊಥ್ರೂಡ್ ಟೀಚರ್ · ಆಗಸ್ಟ್ 12

ಕಾಕಾ, 14 ಅಂದರೆ ಪಿತೃಪಕ್ಷ. ಆಗ ಇನ್ನೊಬ್ಬರು ಬೇಡ ಅನ್ನುತ್ತಾರೆ, ನೋಡಿ. (ಸತ್ತವರನ್ನು ನೆನೆಯುವುದಕ್ಕೆ ಆ ಹದಿನೈದು ದಿನಕ್ಕಿಂತ ಒಳ್ಳೆಯ ಕಾಲ ಯಾವುದು ಅಂತ ನನಗೆ ಯಾವತ್ತೂ ಅರ್ಥ ಆಗಿಲ್ಲ.)

ನನ್ನದು ಬೇರೆ ಪ್ರಶ್ನೆ. ಭಾನುವಾರದ ನನ್ನ ಕನ್ನಡ ಕ್ಲಾಸಿನ ಮಕ್ಕಳೆಲ್ಲ ಇಲ್ಲೇ ಹುಟ್ಟಿದವರು. ಕೊಡಗು ಅಂದರೆ ಅವರಿಗೆ ರೆಸಾರ್ಟ್. ಅವರಿಗೆ ಹತ್ತಿರ ಆಗುವವರನ್ನು ಆರಿಸಬಹುದಲ್ವಾ? ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಪುಣೆಯಲ್ಲಿ ಹುಟ್ಟಿದವರು, 1950ರಲ್ಲಿ. ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಕಲಿತವರು. ಅಲ್ಲಿನ ಪರೇಡ್ ಮೈದಾನಕ್ಕೇ ಅವರ ಹೆಸರಿದೆ. ಅವರ ರೆಜಿಮೆಂಟ್ ಪೂನಾ ಹಾರ್ಸ್. 1971ರ ಡಿಸೆಂಬರ್ 16ರಂದು, ಢಾಕಾದಲ್ಲಿ ಪಾಕ್ ಸೇನೆ ಶರಣಾದ ದಿನವೇ, ಬಸಂತರ್ ಕಾಳಗದಲ್ಲಿ ಉರಿಯುತ್ತಿದ್ದ ಟ್ಯಾಂಕ್ ಬಿಟ್ಟು ಇಳಿಯದೆ ಮಡಿದರು. 21 ವರ್ಷ. ಪರಮವೀರ ಚಕ್ರ ಬಂತು.

ಅದೇ ಪೂನಾ ಹಾರ್ಸ್‌ನ ಲೆಫ್ಟಿನೆಂಟ್ ಕರ್ನಲ್ ಅರ್ದೇಶಿರ್ ತಾರಾಪೋರ್ ಪುಣೆಯಲ್ಲಿ ಶಾಲೆ ಕಲಿತವರು. ಫಿಲ್ಲೋರಾ ಕಡೆಯ ಟ್ಯಾಂಕ್ ಯುದ್ಧದಲ್ಲಿ ಗಾಯಗೊಂಡರೂ ಹಿಂದೆ ಹೋಗಲು ಒಪ್ಪದೆ, 1965ರ ಸೆಪ್ಟೆಂಬರ್ 16ರಂದು ಹೋದರು. ಅವರಿಗೂ ಈ ವರ್ಷವೇ 60.

ವಿಶ್ರಾಂತವಾಡಿ ಕೊಡಗಿನವ · ಆಗಸ್ಟ್ 12

ಟೀಚರ್, ಖೇತ್ರಪಾಲ್ ಹೆಸರು ತೆಗೆದಿರಿ, ಒಳ್ಳೆಯದಾಯಿತು. ಅವರ ಕತೆಯ ಒಂದು ಎಳೆಯೂ ಸರ್ಗೋಧಾಕ್ಕೇ ಹೋಗುತ್ತದೆ.

ಅರುಣ್ ಅವರ ತಂದೆ ಬ್ರಿಗೇಡಿಯರ್ ಎಂ. ಎಲ್. ಖೇತ್ರಪಾಲ್ ಹುಟ್ಟಿದ್ದು ಸರ್ಗೋಧಾದಲ್ಲಿ. 2001ರಲ್ಲಿ, 81ನೇ ವಯಸ್ಸಿನಲ್ಲಿ, ಹುಟ್ಟಿದ ಊರು ನೋಡಬೇಕು ಅಂತ ಪಾಕಿಸ್ತಾನಕ್ಕೆ ಹೋದರು. ಲಾಹೋರಿನಲ್ಲಿ ಅವರನ್ನು ಮನೆಯಲ್ಲಿ ಉಳಿಸಿಕೊಂಡವರು ಅಲ್ಲಿನ ನಿವೃತ್ತ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸರ್. ತುಂಬ ಅಕ್ಕರೆಯಿಂದ ನೋಡಿಕೊಂಡರು. ಕೊನೆಯ ರಾತ್ರಿ ಹೇಳಿದರು, ನಿಮ್ಮ ಮಗನ ಟ್ಯಾಂಕ್ ಹೊಡೆದವನು ನಾನೇ ಅಂತ. ಮಗ ಹೇಗೆ ನಿಂತು ಕಾದಾಡಿದ ಅಂತಲೂ ಹೇಳಿದರು.

ಎರಡೂ ಕತೆಯಲ್ಲಿ ಕೊನೆಯ ಗಳಿಗೆಯ ಸಾಕ್ಷಿ ಎದುರಿಗೆ ನಿಂತು ಗುಂಡು ಹೊಡೆದವರು. ಬೇರೆ ಯಾರು ಅಷ್ಟು ಹತ್ತಿರ ಇರುತ್ತಾರೆ? ನಮ್ಮ ಸಭೆಯಲ್ಲಿ ಪಾಕಿಸ್ತಾನವನ್ನು ಬೈಯುವ ಭಾಷಣ ಬೇಡ ಅಂತ ನಾನು ಹೇಳುವುದು ಇದಕ್ಕೇ. ಶಾಂತಿ ಗೀಂತಿ ಅಂತ ಅಲ್ಲ. ಅವರ ಕಡೆಯವರು ಬಾಯಿ ಬಿಡದೇ ಇದ್ದಿದ್ದರೆ ದೇವಯ್ಯ ಇವತ್ತಿಗೂ 'ಕಾಣೆ'.

ಲೋಹಗಾಂವ್ ನಿವೃತ್ತ · ಆಗಸ್ಟ್ 13

ಹೌದು. ಇನ್ನೊಂದು. ಖೇತ್ರಪಾಲ್, ತಾರಾಪೋರ್ ಇಬ್ಬರಿಗೂ ಪರಮವೀರ ಚಕ್ರ. 2023ರಲ್ಲಿ ಅಂಡಮಾನಿನ 21 ದ್ವೀಪಗಳಿಗೆ 21 ಪರಮವೀರರ ಹೆಸರು ಇಟ್ಟರು, ಅದರಲ್ಲಿ ಇವರಿಬ್ಬರೂ ಇದ್ದಾರೆ. ಅವರನ್ನು ದೇಶ ಮರೆಯುವುದಿಲ್ಲ. ದೇವಯ್ಯ ಅವರದು ಎರಡನೇ ದೊಡ್ಡ ಪದಕ. ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದ ವಾಯುಪಡೆಯ ಅಧಿಕಾರಿ ಅವರೊಬ್ಬರೇ. ಆದರೂ ಲೋಹಗಾಂವ್ ರಸ್ತೆಯಲ್ಲಿ ನಿಂತು ಹತ್ತು ಜನ ಕನ್ನಡಿಗರನ್ನು ಕೇಳಿ, ಎಷ್ಟು ಜನ ಹೇಳುತ್ತಾರೆ ನೋಡೋಣ. ಹಾಗಾಗಿ 7ನೇ ತಾರೀಖು, ದೇವಯ್ಯ ಅವರದೇ ಇರಲಿ. ಬೇರೆಯವರ ಹೆಸರು ಹೇಳೋಣ, ಕಲಸುಮೇಲೋಗರ ಮಾಡುವುದು ಬೇಡ.

ವಾಕಡ್ ಅಕ್ಕ · ಆಗಸ್ಟ್ 14

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನಾನು ಬೆಳಗಾವಿ ಕಡೆಯವಳು. ನನ್ನ ಅಪ್ಪ 1971ರಲ್ಲಿ ಹೋದರು. ಅಧಿಕಾರಿ ಅಲ್ಲ, ಸಿಪಾಯಿ. ಪದಕ ಬರಲಿಲ್ಲ, ಪ್ರತಿಮೆಯೂ ಇಲ್ಲ. ನಾನು ಆಗ ಕೈಗೂಸು.

ಇಂಥ ಸಮಾರಂಭಕ್ಕೆ ಕರೆಸಿಕೊಂಡು ಹೋಗಿ ಕೂತ ಅನುಭವ ಅಮ್ಮನಿಗೂ ನನಗೂ ಇದೆ. ಅದನ್ನು ಹೇಳಿದರೆ ನಿಮಗೆ ಉಪಯೋಗ ಆಗಬಹುದು. ಒಂದು ಊರಲ್ಲಿ ಅಮ್ಮನನ್ನು ವೇದಿಕೆಯ ಮೇಲೆ ಕೂರಿಸಿದರು. ಮುಖ್ಯ ಅತಿಥಿ ಬರುವುದು ತಡವಾಯಿತು. ಅವರು ಬರುವ ತನಕ ದೇಶಭಕ್ತಿ ಹಾಡಿಗೆ ಮಕ್ಕಳು ಪ್ಲಾಸ್ಟಿಕ್ ಬಂದೂಕು ಹಿಡಿದು ಕುಣಿದರು. ಒಬ್ಬ ಹುಡುಗ ಗುಂಡು ತಗುಲಿದ ಹಾಗೆ ಬಿದ್ದ, ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ಅವರ ಎದುರಿಗೇ ಕೂತಿದ್ದಾರೆ. ಆಮೇಲೆ ಶಾಲು, ಹಾರ, ಫಲತಾಂಬೂಲ, ಫೋಟೋ. ಅಪ್ಪ ಹೇಗಿದ್ದರು ಅಂತ ಒಬ್ಬರೂ ಕೇಳಲಿಲ್ಲ. ಅವರ ಹೆಸರನ್ನೂ ತಪ್ಪು ಓದಿದರು.

ಹಾಗಾಗಿ ನೀವು ಯಾರಾದರೂ ಸೈನಿಕರ ಮನೆಯವರನ್ನು ಕರೆಯುವುದಾದರೆ, ವೇದಿಕೆ ಮೇಲೆ ಕೂರಿಸಬೇಡಿ. ಮುಂದಿನ ಸಾಲಿನಲ್ಲಿ ಅವರ ಜನರ ಜೊತೆ ಕೂರಲಿ. ಮಾತಾಡುತ್ತೀರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಬೇಡ ಅಂದರೆ ಬೇಡ. ಮೈಕು ತಂದು ಬಾಯಿಗೆ ಹಿಡಿಯಬೇಡಿ. 'ಆಗ ನಿಮಗೆ ಏನನಿಸಿತು' ಅಂತ ದಯವಿಟ್ಟು ಕೇಳಬೇಡಿ. ಅವರ ಅಪ್ಪ ಯಾವ ಊಟ ಇಷ್ಟಪಡುತ್ತಿದ್ದರು, ಅಕ್ಷರ ಹೇಗಿತ್ತು, ಯಾರ ಜೊತೆ ಜಗಳ ಆಡುತ್ತಿದ್ದರು, ಇದನ್ನು ಕೇಳಿ. ನಾವು ಗಂಟೆಗಟ್ಟಲೆ ಹೇಳುತ್ತೇವೆ. ಅಮ್ಮ ಕೇಳಿ ನನಗೆ ಹೇಳಿದ್ದು, ನಾನು ನನ್ನ ಮಕ್ಕಳಿಗೆ ಹೇಳಿದ್ದು, ಅದೇ ಉಳಿದಿರುವುದು.

ಶಾಲಿಗೆ ಖರ್ಚು ಮಾಡುವ ಹಣವನ್ನು ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಗೆ ಕೊಡಿ. ಡಿಸೆಂಬರ್ 7ಕ್ಕೆ ಧ್ವಜ ದಿನ. ಆ ಹಣ ಸೈನಿಕರ ಮನೆಯವರಿಗೆ, ಮಾಜಿ ಸೈನಿಕರಿಗೆ ಹೋಗುತ್ತದೆ.

ನಿಗಡಿ ಕಾಕಾ · ಆಗಸ್ಟ್ 14

ತಂಗೀ, ಇದನ್ನು ಓದಿ ಮನಸ್ಸು ಭಾರ ಆಯಿತು. ಶಾಲಿನ ಖರ್ಚು ಪಟ್ಟಿಯಿಂದ ತೆಗೆದು ಹಾಕಿ ಅಂತ ನಾನೂ ಹೇಳುತ್ತೇನೆ. ನಿಮ್ಮ ಅಪ್ಪನ ಹೆಸರನ್ನೂ ಅವತ್ತು ಓದೋಣ. ಸರಿಯಾಗಿ ಓದೋಣ.

ಖಡಕಿ ಕಾರವಾರದವ · ಆಗಸ್ಟ್ 15

ವಾಕಡ್ ಅಕ್ಕ ಸಿಪಾಯಿ, ಅಧಿಕಾರಿ ಅಂದದ್ದಕ್ಕೆ ಒಂದು ಮಾತು. ನಮ್ಮ ಖಡಕಿಯಲ್ಲಿ ಕಾಮನ್‌ವೆಲ್ತ್ ಯುದ್ಧ ಸ್ಮಶಾನ ಇದೆ. ಸಂಜೆ ಹೊತ್ತು ನಾನು ಅಲ್ಲಿಗೆ ನಡೆದು ಹೋಗುವುದುಂಟು. ಎಲ್ಲ ಕಲ್ಲುಗಳೂ ಒಂದೇ ಎತ್ತರ. ಮೇಜರ್ ಆದರೂ ಸಿಪಾಯಿ ಆದರೂ ಅಷ್ಟೇ ಕಲ್ಲು. ಅದು ಅವರ ನಿಯಮ, ಮೊದಲ ಮಹಾಯುದ್ಧದ ಕಾಲದಿಂದ ಬಂದದ್ದು. ಅಂತಸ್ತು ನೋಡಿ ಕಲ್ಲು ದೊಡ್ಡದು ಚಿಕ್ಕದು ಮಾಡುವುದಿಲ್ಲ. ಬ್ರಿಟಿಷರ ಸಾಮ್ರಾಜ್ಯಕ್ಕೆ ಕೈ ಮುಗಿಯುವವನಲ್ಲ ನಾನು. ಆದರೆ ಈ ಒಂದು ವಿಷಯವನ್ನು ಕಲಿಯಬಹುದು.

ನಮ್ಮ ಕಡೆಯವರ ಹೆಸರೂ ಒಂದು ಸೇರಿಸುತ್ತೇನೆ. ಮೇಜರ್ ರಾಮ ರಾಘೋಬಾ ರಾಣೆ, ಕಾರವಾರ ತಾಲೂಕಿನ ಚೆಂಡಿಯಾದವರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಮೈನ್‌ಗಳನ್ನೂ ಅಡ್ಡ ಬಿದ್ದ ಮರಗಳನ್ನೂ ತೆಗೆದು ಟ್ಯಾಂಕ್‌ಗಳಿಗೆ ದಾರಿ ಮಾಡಿಕೊಟ್ಟರು. ಬಾಂಬೆ ಸ್ಯಾಪರ್ಸ್‌ನವರು, ಅಂದರೆ ನಮ್ಮ ಖಡಕಿಯ ಇಂಜಿನಿಯರ್ ಪಡೆ. ಪರಮವೀರ ಚಕ್ರ ಪಡೆದೂ ಬದುಕಿ ಬಂದವರು. ತೀರಿಕೊಂಡದ್ದು 1994ರಲ್ಲಿ, ಪುಣೆಯಲ್ಲೇ. ಯುದ್ಧದಲ್ಲಿ ಮಡಿದವರಲ್ಲ, ಹಾಗಾಗಿ ಈ ಸಭೆಗೆ ಬರುವುದಿಲ್ಲ, ಗೊತ್ತು. ಸುಮ್ನೆ ಹೇಳಿದೆ.

ಬೋರಿವಲಿಯಿಂದ · ಆಗಸ್ಟ್ 16

ಮುಂಬಯಿಯವನು ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮನೆ ಹತ್ರ ಎಕ್ಸರ್‌ನಲ್ಲಿ ಹಳೇ ವೀರಗಲ್ಲುಗಳಿವೆ. ಅದರಲ್ಲಿ ಹಡಗುಗಳ ಯುದ್ಧ ಕೆತ್ತಿದ್ದಾರೆ, ಸಾಲುಸಾಲು ಹುಟ್ಟು ಹಾಕುವ ಹಡಗುಗಳು. ನಮ್ಮೂರ ವೀರಗಲ್ಲಿನಲ್ಲಿ ದನ ಕಾಯಲು ಹೋಗಿ ಸತ್ತವನೂ ಇರುತ್ತಾನೆ, ಇಲ್ಲಿ ಸಮುದ್ರದಲ್ಲಿ ಸತ್ತವನು. ಎರಡರಲ್ಲೂ ಕೆಳಗಿನ ಸಾಲಿನಲ್ಲಿ ಜಗಳ, ಮೇಲೆ ಸ್ವರ್ಗ. ಹೇಗೆ ಸತ್ತ ಅನ್ನುವುದನ್ನು ಮೊದಲು ಹೇಳಿ, ಆಮೇಲೆ ಅಪ್ಸರೆಯರನ್ನು ಕರೆಯುತ್ತಾರೆ. ನಮ್ಮ ಈಗಿನ ಸಮಾರಂಭಗಳಲ್ಲಿ ನೇರ ಅಪ್ಸರೆಯರಿಂದಲೇ ಶುರು!

ಹಡಗು ಅಂದ ಮೇಲೆ ನಮ್ಮ ನೌಕಾಪಡೆಯ ಖುಕ್ರಿ ಹಡಗನ್ನು ಬಿಡಲಾಗುವುದಿಲ್ಲ. 1971ರ ಡಿಸೆಂಬರ್ 9ರ ರಾತ್ರಿ ದೀವ್ ಹತ್ರ ಪಾಕಿಸ್ತಾನದ ಸಬ್‌ಮರೀನ್ ಹೊಡೆದು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗಿನ ಜೊತೆಗೇ ಹೋದರು. ಅವರ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಬೇಕಾದದ್ದೇ. ಅವರ ಜೊತೆ 17 ಅಧಿಕಾರಿಗಳು, 176 ನಾವಿಕರು ಹೋದರು. ಅವರಲ್ಲಿ ಒಬ್ಬರ ಹೆಸರು ಹೇಳಿ ಅಂದರೆ ನನಗೂ ಬರುವುದಿಲ್ಲ.

ಹಿಂಜವಡಿ ಟೆಕ್ಕಿ · ಆಗಸ್ಟ್ 17

ಹಾಲ್‌ನ ಗೇಟ್ ಹತ್ರ ಧ್ವಜ ಅರ್ಧಕ್ಕೆ ಇಳಿಸಿ ಕಟ್ಟೋಣವಾ? ಫೋಟೋ ಮೇಲೆ ತ್ರಿವರ್ಣ ಹೊದಿಸಿ ಆಮೇಲೆ ತೆಗೆದು ಅನಾವರಣ ಮಾಡಿದರೆ ನೋಡಲು ಚೆನ್ನಾಗಿರುತ್ತದೆ.

ಲೋಹಗಾಂವ್ ನಿವೃತ್ತ · ಆಗಸ್ಟ್ 17

ಎರಡೂ ಮಾಡುವ ಹಾಗಿಲ್ಲ ತಮ್ಮಾ. ಧ್ವಜವನ್ನು ಅರ್ಧಕ್ಕೆ ಇಳಿಸುವುದು ಸರ್ಕಾರ ಹೇಳಿದಾಗ ಮಾತ್ರ. ಪ್ರತಿಮೆ, ಫೋಟೋ ಮುಚ್ಚುವ ಬಟ್ಟೆಯಾಗಿ ಧ್ವಜ ಬಳಸಬಾರದು, ಧ್ವಜ ಸಂಹಿತೆಯಲ್ಲೇ ಇದೆ. ಫೋಟೋ ಮುಚ್ಚುವುದೇ ಯಾಕೆ? ಜನ ಬರುವಾಗ ನೋಡಿಕೊಂಡು ಬರಲಿ.

ವಾಕಡ್ ಅಕ್ಕನವರಿಗೆ: ಅಪ್ಪನ ಸೇವಾ ಪದಕಗಳು ಇದ್ದರೆ ಧರಿಸಿ ಬನ್ನಿ. ಮನೆಯವರು ಹಾಕಿಕೊಳ್ಳುವುದು ಬಲ ಎದೆಗೆ. ನಮ್ಮಂಥವರು ನಮ್ಮದನ್ನು ಎಡಕ್ಕೆ.

ವಾಕಡ್ ಅಕ್ಕ · ಆಗಸ್ಟ್ 17

ಇವೆ ಅಣ್ಣಾ. ಅಮ್ಮ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದರು, ಕಳ್ಳರು ಅಲ್ಲಿ ಹುಡುಕುವುದಿಲ್ಲ ಅಂತ. ಹಾಕಿಕೊಂಡು ಬರುತ್ತೇನೆ.

ನಿಗಡಿ ಕಾಕಾ · ಆಗಸ್ಟ್ 19

ತಾರೀಖಿನ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ನಾನು ಪಂಚಾಂಗ ನೋಡಿದೆ. ವೇಧ ಹಿಡಿಯುವುದು ಮಧ್ಯಾಹ್ನ 12.57ಕ್ಕೆ. ಬೆಳಗ್ಗೆ ಬೇಗ ಇಟ್ಟರೆ ಅಡ್ಡಿ ಇಲ್ಲ. ವಿಶ್ರಾಂತವಾಡಿ ಕಡೆ ಮೆರವಣಿಗೆಯ ತೊಂದರೆಯೂ ಇಲ್ಲ. 7ಕ್ಕೇ ಇಡಿ, ಹತ್ತಕ್ಕೆ ಶುರು, ಹನ್ನೊಂದೂವರೆಗೆ ಉಪ್ಪಿಟ್ಟು.

ವಿಶ್ರಾಂತವಾಡಿ ಕೊಡಗಿನವ · ಆಗಸ್ಟ್ 19

ಕಾಕಾ, ನಿಮ್ಮಿಂದ ಇಷ್ಟು ಬೇಗ ಒಪ್ಪಿಗೆ ಬರುತ್ತದೆ ಅಂದುಕೊಂಡಿರಲಿಲ್ಲ. 7ಕ್ಕೇ ಖಾಯಂ.

ಮುಖ್ಯ ಅತಿಥಿ ಬೇಡ, ಭಾಷಣ ಬೇಡ. ಟೀಚರ್ ಒಂದು ಪುಟ ಬರೆದುಕೊಡಲಿ, ಅವರ ಕ್ಲಾಸಿನ ಇಬ್ಬರು ಮಕ್ಕಳು ಕನ್ನಡದಲ್ಲಿ ಓದಲಿ. ಆಮೇಲೆ ನಮ್ಮ ಬಳಗದ ಮನೆಗಳಿಂದ ಹೋದವರ ಹೆಸರು, ಅಂತಸ್ತಿನ ಪ್ರಕಾರ ಅಲ್ಲ, ಅಕ್ಷರಮಾಲೆ ಪ್ರಕಾರ.

ಕೊಥ್ರೂಡ್ ಟೀಚರ್ · ಆಗಸ್ಟ್ 24

ಬರೆದಿದ್ದೇನೆ. ಮಕ್ಕಳ ನಾಲಿಗೆಗೆ ಹೊರಳುವ ಹಾಗಿರಬೇಕು ಅಂತ ವಾಕ್ಯ ಚಿಕ್ಕದು ಮಾಡಿದ್ದೇನೆ. ಮಧ್ಯದ ಭಾಗ ಇಲ್ಲಿ ಹಾಕುತ್ತೇನೆ, ನೋಡಿ:

"ದೇವಯ್ಯ ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುವ ಗುರು. ಯುದ್ಧ ಬಂತು, ಅವರೂ ಹೊರಟರು. ಆಗಿನ್ನೂ ಬೆಳಕು ಹರಿದಿರಲಿಲ್ಲ. ದಾಳಿ ಮುಗಿಸಿ ಎಲ್ಲರೂ ವಾಪಸ್ ಹೊರಟಾಗ ಶತ್ರುವಿನ ವಿಮಾನ ಹಿಂದಿನಿಂದ ಬಂತು. ಅದು ದೇವಯ್ಯ ಅವರ ವಿಮಾನಕ್ಕಿಂತ ಎಷ್ಟೋ ವೇಗದ್ದು. ಗುಂಡು ತಗುಲಿತು. ತಾನು ಮರಳಿ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ನಗುನಗುತ್ತ ವಿಮಾನ ತಿರುಗಿಸಿದರು, ತಾಯ್ನಾಡಿಗೆ ಜಯಕಾರ ಹಾಕಿದರು."

ಲೋಹಗಾಂವ್ ನಿವೃತ್ತ · ಆಗಸ್ಟ್ 24

ಟೀಚರ್, ಮೊದಲ ಭಾಗ ಬಹಳ ಚೆನ್ನಾಗಿದೆ. ಕೊನೆಯ ಎರಡು ವಾಕ್ಯ ತೆಗೆಯಿರಿ. ನಗುತ್ತಿದ್ದರು ಅಂತ ಯಾರು ನೋಡಿದರು? ಜಯಕಾರ ಯಾರು ಕೇಳಿದರು? ನೋಡಿದವರು ಅಮ್ಜದ್ ಹುಸೇನ್ ಒಬ್ಬರೇ, ಅವರು ನೋಡಿದ್ದು ವಿಮಾನವನ್ನು.

ಕೊಥ್ರೂಡ್ ಟೀಚರ್ · ಆಗಸ್ಟ್ 24

ಮಕ್ಕಳಿಗೆ ಬರೀ ವಿವರ ಕೊಟ್ಟರೆ ಕೇಳುತ್ತಾರಾ ಅಣ್ಣಾ? ಸ್ವಲ್ಪ ರಸ ಬೇಕಲ್ವಾ? ಅವರು ಧೈರ್ಯಶಾಲಿ ಅನ್ನುವುದು ಸುಳ್ಳೇನೂ ಅಲ್ಲವಲ್ಲ.

ಲೋಹಗಾಂವ್ ನಿವೃತ್ತ · ಆಗಸ್ಟ್ 25

ಧೈರ್ಯ ಇದೆ ಅಂತ ನೀವು ಹೇಳಬೇಡಿ, ಇಂಧನದ ಲೆಕ್ಕ ಹೇಳಿ. ಆದಂಪುರದಿಂದ ಸರ್ಗೋಧಾಕ್ಕೆ ಹೋಗಿ ಬರುವುದು ಮಿಸ್ಟೇರ್‌ನ ಶಕ್ತಿಯ ಕೊನೇ ಅಂಚು. ದಾರಿಯಲ್ಲಿ ಎಲ್ಲೂ ನಿಲ್ಲದೆ ಬಂದರೆ ಮನೆ ಸೇರಬಹುದು. ತಿರುಗಿ ನಿಂತು ಕಾದಾಡಿದರೆ ಆ ವೇಗದಲ್ಲಿ ಇಂಧನ ನೀರಿನ ಹಾಗೆ ಹೋಗುತ್ತದೆ. ಅದರ ಮುಳ್ಳು ಪೈಲಟ್‌ನ ಕಣ್ಣೆದುರಿಗೇ ಇರುತ್ತದೆ. ಹಾರಾಟ ಕಲಿಸುವ ಗುರುವಿಗೆ ಆ ಲೆಕ್ಕ ಬರುವುದಿಲ್ಲವಾ? ಇಷ್ಟು ಹೇಳಿ ಸುಮ್ಮನಾಗಿ. ಉಳಿದದ್ದನ್ನು ಮಕ್ಕಳೇ ಲೆಕ್ಕ ಹಾಕುತ್ತಾರೆ.

ವಿಶ್ರಾಂತವಾಡಿ ಕೊಡಗಿನವ · ಆಗಸ್ಟ್ 25

ನನ್ನದೂ ಇದೇ ಮಾತು. 23 ವರ್ಷ ಏನೂ ಗೊತ್ತಿಲ್ಲದೆ ಕಳೆದೆವು. ಈಗ ಗೊತ್ತಾದ ಮೇಲೆ ಗೊತ್ತಿಲ್ಲದ್ದನ್ನೂ ಸೇರಿಸಿ ಹೇಳಿದರೆ, ಇನ್ನೊಂದು ತಲೆಮಾರಿಗೆ ಯಾವುದು ನಿಜ ಅಂತ ಹೇಗೆ ತಿಳಿಯುತ್ತದೆ? ಊರಲ್ಲೂ ನೋಡಿದ್ದೇನೆ, ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಅದಕ್ಕೆ ಎರಡು ಸೇರಿಸುತ್ತಾರೆ.

ಕೊಥ್ರೂಡ್ ಟೀಚರ್ · ಆಗಸ್ಟ್ 28

ಬದಲಾಯಿಸಿದ ಸಾಲುಗಳು:

"ಗುಂಡು ತಗುಲಿತು. ಶತ್ರುವಿನ ಪೈಲಟ್ ಇವರನ್ನು ಬಿಟ್ಟು ಮುಂದಿನ ವಿಮಾನಗಳ ಕಡೆ ಹೋದ. ಮನೆ ಸೇರಲು ಬೇಕಾದಷ್ಟೇ ಇಂಧನ ತುಂಬಿಸಿ ಹೊರಟಿದ್ದರು. ಕಾದಾಡಿದರೆ ಅದು ಸಾಲುವುದಿಲ್ಲ. ದೇವಯ್ಯ ವಿಮಾನ ತಿರುಗಿಸಿದರು."

ನನ್ನ ಕ್ಲಾಸಿನಲ್ಲಿ ಓದಿಸಿ ನೋಡಿದೆ. ಒಬ್ಬ ಹುಡುಗ ತಕ್ಷಣ ಕೇಳಿದ, "ಹಾಗಾದರೆ ಮುಂದೆ ಹೋದ ವಿಮಾನಗಳು ಮನೆ ಸೇರಿದವಾ?" ಸೇರಿದವು ಅಂತ ಹೇಳಿದೆ. ಅದನ್ನೂ ಒಂದು ಸಾಲಾಗಿ ಸೇರಿಸಿದ್ದೇನೆ.

ಲೋಹಗಾಂವ್ ನಿವೃತ್ತ · ಆಗಸ್ಟ್ 28

ಇದು ಸರಿ. ಒಂದು ಅಕ್ಷರವೂ ಮುಟ್ಟಬೇಡಿ.

ಖಡಕಿ ಕಾರವಾರದವ · ಆಗಸ್ಟ್ 30

ಸಭೆ ಮುಗಿದ ಮೇಲೆ ಬೇಕಾದವರು ಕ್ಯಾಂಪ್ ಕಡೆ ದಕ್ಷಿಣ ಕಮಾಂಡಿನ ಯುದ್ಧ ಸ್ಮಾರಕಕ್ಕೆ ಹೋಗಬಹುದು. 1998ರಲ್ಲಿ ತೆರೆದದ್ದು, ಪುಣೆಯ ಜನ ಹಣ ಹಾಕಿ ಕಟ್ಟಿಸಿದ್ದು. ಅಲ್ಲೊಂದು ಮಿಗ್-23 ವಿಮಾನ ನಿಲ್ಲಿಸಿದ್ದಾರೆ, ಮಕ್ಕಳಿಗೆ ಹಿಡಿಸುತ್ತದೆ. ಭಾನುವಾರ ಬಾಗಿಲು ತೆಗೆದಿರುವ ಸಮಯವನ್ನು ನಾನು ವಿಚಾರಿಸಿ ಹಾಕುತ್ತೇನೆ.

ಹಿಂಜವಡಿ ಟೆಕ್ಕಿ · ಸೆಪ್ಟೆಂಬರ್ 1

ಪ್ರೊಜೆಕ್ಟರ್ ಹೇಗೂ ತರುತ್ತೇನೆ. ಒಂದು ನಕ್ಷೆ ಮಾಡಿದ್ದೇನೆ, ಆದಂಪುರ ಇಲ್ಲಿ, ಸರ್ಗೋಧಾ ಅಲ್ಲಿ, ಮಧ್ಯೆ ಗಡಿ. ಮಕ್ಕಳು ಓದುವಾಗ ಹಿಂದೆ ಅದೊಂದೇ ಇರಲಿ. ಸಂಗೀತ ಇಲ್ಲ, ಪ್ರಾಮಿಸ್. ಇನ್ನೊಂದು, ನಮ್ಮ ಸೊಸೈಟಿಯ ಮರಾಠಿ ಗೆಳೆಯರು ಕೆಲವರು ಬರುತ್ತೇವೆ ಅನ್ನುತ್ತಿದ್ದಾರೆ. ಅವರಿಗೆ ಈ ಪುಟ ಮರಾಠಿಯಲ್ಲಿ ಸಿಗುತ್ತದಾ?

ನಿಗಡಿ ಕಾಕಾ · ಸೆಪ್ಟೆಂಬರ್ 1

ಮರಾಠಿ ನಾನು ಮಾಡಿ ಕೊಡುತ್ತೇನೆ, ನಲವತ್ತು ವರ್ಷ ಇಲ್ಲೇ ಫ್ಯಾಕ್ಟರಿಯಲ್ಲಿ ಇದೇ ಭಾಷೆಯಲ್ಲಿ ಜಗಳ ಆಡಿದ್ದೇನೆ. ಮಂಗಳವಾರದೊಳಗೆ ಕಳಿಸುತ್ತೇನೆ, ಪ್ರಿಂಟ್ ಯಾರಾದರೂ ತೆಗೆಸಿ.

ವಿಶ್ರಾಂತವಾಡಿ ಕೊಡಗಿನವ · ಸೆಪ್ಟೆಂಬರ್ 4

ಕೊನೆಯ ವಿವರ. ಹಾಲ್ ಬಾಗಿಲು 9.30ಕ್ಕೆ ತೆಗೆಯುತ್ತೇನೆ. ಮಕ್ಕಳಿಬ್ಬರು 9.45ಕ್ಕೆ ಬರಲಿ, ಮೈಕಿನ ಎತ್ತರ ನೋಡಬೇಕು. ಹತ್ತಕ್ಕೆ ಸರಿಯಾಗಿ ಶುರು, ಯಾರಿಗೂ ಕಾಯುವುದಿಲ್ಲ. ಧ್ವಜ ದಿನದ ನಿಧಿಗೆ ಡಬ್ಬಿ ಬಾಗಿಲಲ್ಲಿ ಇರುತ್ತದೆ, ಕೊಡಲೇಬೇಕು ಅಂತಿಲ್ಲ. ಹೆಸರು ಓದಿಸಬೇಕಾದವರು ಶನಿವಾರ ಸಂಜೆಯೊಳಗೆ ಮನೆತನದ ಹೆಸರು ಸಮೇತ ಬರೆದು ಕಳಿಸಿ, ಹೇಗೆ ಉಚ್ಚರಿಸಬೇಕು ಅಂತ ಫೋನಿನಲ್ಲಿ ಒಮ್ಮೆ ಹೇಳಿ. ಕಾರು ತರುವವರು ಹಾಲ್ ಹಿಂದಿನ ಮೈದಾನದಲ್ಲಿ ನಿಲ್ಲಿಸಿ. ಮುಂದಿನ ರಸ್ತೆಯಲ್ಲಿ ಗಣಪತಿ ಮಂಟಪ ಇನ್ನೂ ಬಿಚ್ಚಿರುವುದಿಲ್ಲ.

ವಾಕಡ್ ಅಕ್ಕ · ಸೆಪ್ಟೆಂಬರ್ 4

ಅಪ್ಪನ ಹೆಸರು ಕಳಿಸಿದ್ದೇನೆ. ಉಪ್ಪಿಟ್ಟಿಗೆ ರವೆ ಎಷ್ಟು ಜನರ ಲೆಕ್ಕದಲ್ಲಿ ತರಬೇಕು ಅಂತ ಯಾರೂ ಹೇಳಿಲ್ಲ.